ಸಿನಿಮಾದವರು ಕೂಗಿದ ‘ಬಲೆ’

“ಈ ಬಿಳಿ ಅಂಗಿಯವರು ನೀವೇ ಅಲ್ವಾ ಮಾಷ್ಟ್ರೇ?”

ಕಾರ್ಕಳದ ಮದುವೆಯೊಂದರ ಊಟದಲ್ಲಿ ಪಕ್ಕದಲ್ಲಿ ಕುಳಿತ ಕೆಮ್ಮಣ್ಣು ಊರಿನ ಹೆಂಗಸೊಬ್ಬರು ನನ್ನ ಮೂಗಿನೆದುರು ಮೊಬೈಲು ಹಿಡಿದರು. ಹಿಂದೆ ಕಾಪುವಿನ ಕಡಲತೀರದಲ್ಲಿ ತೆಗೆದ ಸಿನಿಮಾ ಹಾಡು. ನಾಯಕಿಯ ಹಿಂದಿನಿಂದ ಇಬ್ಬರು ಗಂಡಸರು ಮಹಾ ಗಾಂಭೀರ್ಯದಿಂದ ನಡೆದು ಬಂದು, ಆಮೇಲೆ ನಗುತ್ತಾರೆ.

ಅಂದು ಆದದ್ದಿಷ್ಟೇ. ಮೀನಿನ ಬಲೆ ಬೇಕಾಗಿ ಸಿನಿಮಾದವನೊಬ್ಬ “ಬಲೆ! ಬಲೆ!” ಎಂದು ಕೂಗಿದ. ತುಳುವಿನಲ್ಲಿ ‘ಬಲೆ’ ಎಂದರೆ ‘ಬನ್ನಿ’. ಅಷ್ಟು ಮರ್ಯಾದೆಯಿಂದ ಕರೆದ ಮೇಲೆ ಹೋಗದಿರುವುದು ಸರಿಯಲ್ಲವೆಂದು, ಶೂಟಿಂಗ್ ನೋಡಲು ನಿಂತಿದ್ದವರಲ್ಲಿ ಕೆಲವರು ಹೊರಟೆವು. ಕ್ಯಾಮೆರಾ ಓಡುತ್ತಿತ್ತು; ಅದರಲ್ಲಿ ಸಿಕ್ಕಿಬಿದ್ದವರು ಇಬ್ಬರು.

“ನಿಮ್ಮ ಪಕ್ಕದಲ್ಲಿರುವುದು ನಮ್ಮ ಯಜಮಾನರು. ಹೋದ ವರ್ಷ ತೀರಿಕೊಂಡರು. ಅವರು ನಡೆದಾಡುವುದನ್ನು ನೋಡಲಿಕ್ಕೆ ಇದೊಂದೇ ಉಂಟು. ನಿಮ್ಮ ಹತ್ತಿರ ಎಂತದೋ ಹೇಳಿ ನಗ್ತಾರಲ್ಲ, ಎಂತ ಹೇಳಿದ್ದು?”

ಅಂಗಿ ನನ್ನದೇ, ನಡಿಗೆಯೂ ನನ್ನದೇ. ಆ ಮನುಷ್ಯರ ಗುರುತು ಮಾತ್ರ ನನಗಿಲ್ಲ. ಪಾಯಸ ಬಂದು ಹೋದರೂ ಆಕೆ ನನ್ನ ಮುಖವನ್ನೇ ನೋಡುತ್ತಿದ್ದರು. “ನೆನಪಾಗುತ್ತಿಲ್ಲ ಅಮ್ಮಾ” ಎಂದೆ.

“ಪರವಾಗಿಲ್ಲ, ನೆನಪಾದಾಗ ಹೇಳಿ.”

ಈಗ ದಿನಾ ಆ ಹಾಡು ನೋಡುತ್ತೇನೆ. ಆಕೆಯ ಯಜಮಾನರು ನನ್ನ ಕಿವಿಯತ್ತ ಬಾಗಿ ಬಾಯಿ ತೆರೆಯುತ್ತಾರೆ. ಅಷ್ಟರಲ್ಲಿ ಗಾಯಕಿ ಪಲ್ಲವಿ ಎತ್ತಿಕೊಳ್ಳುತ್ತಾರೆ. ಪರದೆಯ ಮೇಲಿನ ನಾನು ಹೊಟ್ಟೆ ಹಿಡಿದು ನಗುತ್ತೇನೆ. ಯಾಕೆಂದು ನನಗೆ ಗೊತ್ತಿಲ್ಲ.