ಡೇಲ್ ಅವರ ‘ಗ್ರೇಟ್’, ಇಂಗ್ರಿಡ್ ಅವರ ಅನುಮಾನ

ಇಂಡಿಯಾದಿಂದ ಬಂದ ನಾನು ಫಿಸಿಯೋಥೆರಪಿಸ್ಟ್ ಆಗಿರುವ ಸ್ಯಾನ್ ಡಿಯಾಗೋದ ಕ್ಲಿನಿಕ್ಕಿಗೆ ಮೊಣಕಾಲು ಆಪರೇಷನ್ ಆದ ಇಬ್ಬರು ಒಂದೇ ಹೊತ್ತಿಗೆ ಬರುತ್ತಿದ್ದರು. ಡೇಲ್ ಅಮೆರಿಕದವರೇ, ಇಂಗ್ರಿಡ್ ಜರ್ಮನಿಯವರು. ಇಬ್ಬರಿಗೂ ಎಪ್ಪತ್ತರ ಆಚೀಚೆ.

‘ಹೇಗಿದ್ದೀರಿ?’ ಎಂದರೆ ಡೇಲ್ ಯಾವತ್ತೂ ‘ಗ್ರೇಟ್!’ ಎನ್ನುತ್ತಿದ್ದರು. ಇಂಗ್ರಿಡ್ ಎಲ್ಲೆಲ್ಲಿ ನೋವೆಂದು ಒಂದೊಂದಾಗಿ ಹೇಳುತ್ತಿದ್ದರು.

‘ಈ ಅಮೆರಿಕನ್ನರಿಗೆ ಬಾಯಿ ತುಂಬ ಸುಳ್ಳು ನಗು,’ ಎಂದು ಆಕೆ ನನ್ನ ಹತ್ತಿರ ದೂರುತ್ತಿದ್ದರು. ‘ಜರ್ಮನ್ನರಿಗೆ ನಗೋಕೂ ಪರ್ಮಿಷನ್ ಬೇಕೇನೋ,’ ಎಂದು ಆತ. ಇಬ್ಬರಿಗೂ ನಾನು ತಲೆಯಾಡಿಸುತ್ತಿದ್ದೆ.

ಒಂದು ದಿನ ಡೇಲ್ ಎಂದಿನಂತೆ ‘ಗ್ರೇಟ್!’ ಎಂದು ವ್ಯಾಯಾಮದ ಸೈಕಲ್ ಹತ್ತಲು ಹೊರಟರು.

‘ನಿಲ್ಲಿಸಿ,’ ಎಂದರು ಇಂಗ್ರಿಡ್. ‘ಹೊರಗೆ ಕೂತಿದ್ದಾಗ ಇವರು ಕಾಲು ಒತ್ತಿಕೊಂಡು ಮುಖ ಕಿವುಚುತ್ತಿದ್ದರು. ಪ್ಯಾಂಟ್ ಮೇಲೆತ್ತಿ ನೋಡಿ.’

‘ಏನಿಲ್ಲ, ಐ ಆಮ್ ಫೈನ್,’ ಎಂದು ಡೇಲ್ ನಕ್ಕರು.

ನಾನು ನೋಡಿದೆ. ಮೀನಖಂಡ ಊದಿಕೊಂಡು ಬಿಸಿಯಾಗಿತ್ತು. ತಕ್ಷಣ ಎಮರ್ಜೆನ್ಸಿಗೆ ಕಳಿಸಿದೆ. ಒಳಗೆ ರಕ್ತ ಹೆಪ್ಪುಗಟ್ಟಿತ್ತು. ತಡವಾಗಿದ್ದರೆ ಅದು ಶ್ವಾಸಕೋಶಕ್ಕೆ ಹೋಗಬಹುದಿತ್ತು ಎಂದರಂತೆ ಡಾಕ್ಟರು. ಹನ್ನೆರಡು ವರ್ಷದ ಅನುಭವವಿದ್ದ ನಾನು, ಆ ಕಾಲನ್ನು ಮುಟ್ಟಿ ನೋಡುವ ಮೊದಲೇ ಚಾರ್ಟಿನಲ್ಲಿ ‘ಗ್ರೇಟ್’ ಎಂದು ಬರೆದುಬಿಟ್ಟಿದ್ದೆ.

ಮೂರು ವಾರದ ನಂತರ ಡೇಲ್ ವಾಪಸು ಬಂದರು. ‘ಹೇಗಿದ್ದೀರಿ?’ ಎಂದೆ. ಅವರು ಇಂಗ್ರಿಡ್ ಕಡೆ ತಿರುಗಿ ಕೂತು ಮೊಣಕಾಲು, ಸೊಂಟ, ನಿದ್ದೆ, ಮಲಬದ್ಧತೆ ಎಲ್ಲವನ್ನೂ ಕಾಲು ಗಂಟೆ ವಿವರಿಸಿದರು. ಇಂಗ್ರಿಡ್ ಗಂಭೀರವಾಗಿ ಕೇಳಿಸಿಕೊಂಡು, ‘ಇದು ಉತ್ತರ,’ ಎಂದರು.

ಹೊರಗೆ ಕಾಯುತ್ತಿದ್ದ ಮುಂದಿನ ಪೇಷಂಟ್ ಮಾತ್ರ, ಈ ಇಂಡಿಯನ್ನರಿಗೆ ಟೈಮ್ ಸೆನ್ಸೇ ಇಲ್ಲ ಅಂದುಕೊಂಡಿರಬೇಕು.