ವಿಚಾರಣೆ ಕಿಟಕಿಯೂ ಕುಳಿತ ಹೆಂಗಸೂ

ನೀರು ಸರಬರಾಜು ಕಚೇರಿಯ ವಿಚಾರಣೆ ಕಿಟಕಿಯ ಹಿಂದೆ ಅಕ್ಕ ಇಪ್ಪತ್ತಾರು ವರ್ಷದಿಂದ ಕೂತಿದ್ದಳು. ಹೆಸರು ಹಿಡಿದು ಕರೆಯುತ್ತಿದ್ದವನು ಗಂಡನೊಬ್ಬನೇ. ಉಳಿದವರಿಗೆಲ್ಲ, ಅವಳಿಗಿಂತ ಹಿರಿಯರಿಗೂ, ಆಕೆ ಅಕ್ಕ. ಯಾವ ಅರ್ಜಿ ಯಾವ ಮೇಜಿಗೆ, ಊಟಕ್ಕೆ ಹೋದ ಗುಮಾಸ್ತ ಎಷ್ಟು ಹೊತ್ತಿಗೆ ಬರುತ್ತಾನೆ, ಎಲ್ಲ ಅವಳ ನಾಲಿಗೆ ತುದಿಯಲ್ಲಿ.

ಹೊಸ ಅಧಿಕಾರಿಗೆ ಕಲೆಯ ಹುಚ್ಚು. ಬಂದ ತಿಂಗಳಲ್ಲೇ ಕಿಟಕಿಯ ಎದುರು ಗೋಡೆಗೆ ಆಳೆತ್ತರದ ಚಿತ್ರ ತೂಗುಹಾಕಿಸಿದರು. ನೀಲಿ ಮೊಟ್ಟೆಯಂಥ ತಲೆ; ಒಂದೇ ಕಣ್ಣು, ಅದೂ ಕಿವಿ ಇರಬೇಕಾದ ಜಾಗದಲ್ಲಿ; ಎರಡು ತ್ರಿಕೋನ, ಮೂರು ಕಾಲು. ಕೆಳಗೊಂದು ಚೀಟಿ: 'ಕುಳಿತ ಹೆಂಗಸು'.

ಸಾಲಿನವರು ತಲೆ ವಾರೆ ಮಾಡಿ ನೋಡಿದರು. ಕೊನೆಗೆ ಕೇಳಬೇಕಾದಲ್ಲೇ ಕೇಳಿದರು.

"ಅಕ್ಕ, ಏನಿದು?"

ಅಕ್ಕನಿಗೂ ತಿಳಿಯಲಿಲ್ಲ. ಆದರೆ ವಿಚಾರಣೆ ಎಂಬ ಫಲಕದ ಕೆಳಗೆ ಕೂತು ಗೊತ್ತಿಲ್ಲ ಎನ್ನುವುದು ಅವಳ ಜಾಯಮಾನವಲ್ಲ. ಮಧ್ಯಾಹ್ನ ಡಬ್ಬಿ ಹಿಡಿದು ಚಿತ್ರದ ಮುಂದೆ ನಿಂತೇ ಊಟ ಮುಗಿಸಿದಳು. ಮರುದಿನ ಉತ್ತರ ಸಿದ್ಧ.

"ನಲ್ಲಿಗೆ ಅರ್ಜಿ ಹಾಕಿದಾಳೆ. ಸಾಹೇಬರ ಬಾಗಿಲನ್ನೇ ನೋಡಿ ನೋಡಿ ಕಣ್ಣು ಪಕ್ಕಕ್ಕೆ ಸರಿದುಹೋಗಿದೆ."

"ಮೂರನೇ ಕಾಲು?"

"ಕುರ್ಚಿದು. ಉಳಿದ ಮೂರು ಮುರಿದಿವೆ. ನಮ್ಮ ಕಚೇರಿ ಕುರ್ಚೀನೇ ಇರ್ಬೇಕು."

ಸಾಲಿನ ನಗು ಒಳಕೋಣೆಗೂ ಕೇಳಿಸಿತು. ಅಧಿಕಾರಿ ಕರೆಸಿದರು.

"ನೋಡಮ್ಮ, ಅದು ಕಲೆ. ತಮಾಷೆ ಅಲ್ಲ."

"ಅರ್ಥ ಹೇಳ್ಕೊಡಿ ಸಾರ್. ಹಾಗೇ ಹೇಳ್ತೀನಿ."

ಅಧಿಕಾರಿ ಅವಳನ್ನು ಕಿಟಕಿಗೆ ವಾಪಸ್ ಕಳಿಸಿದರು. ಆ ವಾರವೇ ಕಲಾಶಾಲೆಯ ಮೇಷ್ಟ್ರನ್ನು ಕರೆಸಿದರು.

ಮೇಷ್ಟ್ರು ಹಜಾರದಲ್ಲಿ ಮುಕ್ಕಾಲು ಗಂಟೆ ಕೊರೆದರು. ಆಕಾರ ಒಡೆಯುವುದು, ಒಡೆದದ್ದು ಕೂಡದಿರುವುದು, ಆಧುನಿಕ ಹೆಣ್ಣಿನ ಒಂಟಿತನ. ಸಾಲಿನಲ್ಲಿ ಕೋಲೂರಿ ನಿಂತಿದ್ದ ಅಜ್ಜಿಯೊಬ್ಬಳು ಬಾಯಿಬಿಟ್ಟಳು: "ಅದೆಲ್ಲ ಇರ್ಲಿ ಮಗಾ, ಅವಳು ಯಾಕೆ ಕೂತಿದಾಳೆ?"

ಮೇಷ್ಟ್ರು ಕನ್ನಡಕ ಒರೆಸಿಕೊಂಡರು. ಎಲ್ಲರ ಮುಖ ಕಿಟಕಿಯತ್ತ ತಿರುಗಿತು.

"ಕಾಲು ನೋವು ಅಜ್ಜಿ," ಎಂದಳು ಅಕ್ಕ. ಈ ಸಲ ನಗಿಸಲು ಹೋಗಲಿಲ್ಲ. "ಅವಳಿಗೆ ಕುರ್ಚಿ ಸಿಕ್ತು, ಕೂತ್ಕೊಂಡ್ಳು."

ಅಜ್ಜಿ ಸುತ್ತ ನೋಡಿದಳು. ಹಜಾರದಲ್ಲಿ ಕೂರಲು ಒಂದು ಮಣೆಯೂ ಇರಲಿಲ್ಲ. ಅಧಿಕಾರಿಯೂ ನೋಡಿದರು, ಬಹುಶಃ ಮೊದಲ ಸಲ. ಅಕ್ಕ ತನ್ನ ಕುರ್ಚಿಯನ್ನೇ ಹೊರಗೆ ತಂದು ಅಜ್ಜಿಯನ್ನು ಕೂರಿಸಿದಳು, ಸಂಜೆವರೆಗೆ ನಿಂತೇ ಕೆಲಸ ಮಾಡಿದಳು.

ವಾರದೊಳಗೆ ನಾಲ್ಕು ಬೆಂಚು ಬಂದವು. ಚಿತ್ರ ಅಧಿಕಾರಿಯ ಕೋಣೆ ಸೇರಿತು. ಅಲ್ಲಿ ಅರ್ಥ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಎದುರಿನ ಗೋಡೆ ಬಿಕೋ ಎನ್ನತೊಡಗಿದ್ದರಿಂದ ಅಕ್ಕ ದಿನಕ್ಕೊಮ್ಮೆ ಯಾವುದೋ ಕಾಗದದ ನೆಪ ಮಾಡಿ ಒಳಗೆ ಹೋಗಿ ನೋಡಿ ಬರುತ್ತಿದ್ದಳು.

"ಹೇಗಿದಾಳಕ್ಕ?" ಎಂದು ಜವಾನ ಕೇಳಿದರೆ, "ಪರವಾಗಿಲ್ಲ. ಎಸಿ ಒಗ್ಗಿದೆ, ಸ್ವಲ್ಪ ಮೈಕೈ ತುಂಬಿಕೊಂಡಿದಾಳೆ," ಎನ್ನುತ್ತಿದ್ದಳು.