ಸಬ್ಹಾನ್ ಮೈದಾನದ ‘ಬ್ಯಾಟ್ ಬಿಡು’

ಆ ಕಾಲದಲ್ಲಿ ಕುವೈತಿನ ಚಳಿಗಾಲವೆಂದರೆ ನಮಗೆ ಮಕ್ಕಳಿಗೆ ಜೈಲಿನಿಂದ ಬಿಡುಗಡೆ ಸಿಕ್ಕಿದ ಹಾಗೆ. ಏಳೆಂಟು ತಿಂಗಳು ಎಸಿ ರೂಮಿನೊಳಗೆ ಭರಣಿಯ ಉಪ್ಪಿನಕಾಯಿಯಂತೆ ಕೂತಿದ್ದ ನಾವು, ನವೆಂಬರ್ ಬಂತೆಂದರೆ ಒಮ್ಮೆಲೇ ಹೊರಗೆ ಬೀಳುತ್ತಿದ್ದೆವು. ಮಕ್ಕಳ ಕೈಗೆ ಫೋನು ಇನ್ನೂ ಬಂದಿರಲಿಲ್ಲ. ಅಬ್ಬಾಸಿಯಾ ಬಡಾವಣೆಯ ನಮ್ಮ ಕಟ್ಟಡದ ಹಿಂದೆ, ಕಾರುಗಳ ನಡುವೆ ಉಳಿದ ಚೂರು ಜಾಗದಲ್ಲೇ ನಮ್ಮ ಕ್ರಿಕೆಟ್ಟು, ನಮ್ಮ ಲಗೋರಿ, ನಮ್ಮ ಜಗಳ. ಆ ಚಳಿಗಾಲಗಳೆಲ್ಲ ಈಗ ಒಂದರೊಳಗೊಂದು ಕಲಸಿಹೋಗಿವೆ. ಒಂದು ಮಾತ್ರ ಬೇರೆಯಾಗಿಯೇ ಉಳಿದಿದೆ. ನನ್ನ ಅಣ್ಣ ಮೆಲ್ವಿನ್ ಬೇಸ್‌ಬಾಲ್ ಆಡಿದ ಚಳಿಗಾಲ ಅದು.

ಬೇಸ್‌ಬಾಲ್! ಮಂಗಳೂರಿನ ಹುಡುಗ, ಕುವೈತಿನಲ್ಲಿ ಬೇಸ್‌ಬಾಲ್! ಈಗ ಬರೆಯುವಾಗಲೂ ನನಗೆ ನಗು ಬರುತ್ತದೆ.

ನಮ್ಮ ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಇಂಗ್ಲಿಷ್, ಲಿಫ್ಟಿನಲ್ಲಿ ಹಿಂದಿ. ಕನ್ನಡ ಇದ್ದದ್ದು ಕಟ್ಟಡದ ಬುಡದಲ್ಲಿದ್ದ ಹಮೀದಾಕರ ಬಕಾಲಾದಲ್ಲಿ. ಬಕಾಲಾ ಎಂದರೆ ನಮ್ಮ ಊರಿನ ದಿನಸಿ ಅಂಗಡಿಯೇ. ಹಮೀದಾಕ ಉಪ್ಪಿನಂಗಡಿ ಕಡೆಯ ಬ್ಯಾರಿ. ಅವರಿಗೆ ಕೊಂಕಣಿ ಬಾರದು, ನಮಗೆ ಬ್ಯಾರಿ ಭಾಷೆ ಬಾರದು. ಹಾಗಾಗಿ ಮೊಟ್ಟೆ, ಖುಬೂಸ್ ರೊಟ್ಟಿ, ಕೊತ್ತಂಬರಿ ಸೊಪ್ಪು ಎಲ್ಲ ಕನ್ನಡದಲ್ಲೇ ನಡೆಯುತ್ತಿತ್ತು. ಇವತ್ತು ನಾನು ನಾಲ್ಕು ಸಾಲು ಕನ್ನಡ ಬರೆಯುತ್ತೇನೆಂದರೆ ಅದರ ಅರ್ಧ ಪಾಲು ಆ ಅಂಗಡಿಯ ಕಟ್ಟೆಯಲ್ಲಿ ಕೂತು ಕಲಿತದ್ದು.

ಹಮೀದಾಕರಿಗೆ ಅಂಗಡಿ ಹೊಟ್ಟೆಪಾಡು, ಕ್ರಿಕೆಟ್ ಪ್ರಾಣ. ಕಟ್ಟಡದ ಹುಡುಗರಿಗೆಲ್ಲ ಅವರೇ ಕೋಚು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಹಿಂದಿನ ಬಾಗಿಲಿನಿಂದ ಹೊರಬಂದು, ಚಾಕ್‌ಪೀಸಿನಲ್ಲಿ ಗೆರೆ ಎಳೆದು, ಮೆಲ್ವಿನ್‌ನನ್ನು ಮತ್ತೆ ಮತ್ತೆ ಓಡಿಸುತ್ತಿದ್ದರು.

“ಬ್ಯಾಟ್ ಅಂದ್ರೆ ನಿನ್ನ ಮೂರನೇ ಕೈ ಮಾರಾಯ. ಓಡುವಾಗ ಬಿಡ್ಬಾರ್ದು. ಗೆರೆ ಹತ್ರ ಬಂದ ಕೂಡ್ಲೇ ಕೈ ಉದ್ದ ಮಾಡಿ ಊರು. ಬಗ್ಗು, ಇನ್ನೂ ಬಗ್ಗು! ಕಾಲು ಆಮೇಲೆ ಬಂದ್ರೂ ಸಾಕು, ಬ್ಯಾಟ್ ಮೊದಲು ಬರ್ಬೇಕು. ಗೊತ್ತಾಯ್ತಾ?”

ಮೆಲ್ವಿನ್‌ಗೆ ಅದು ಎಷ್ಟು ಗೊತ್ತಾಯಿತೆಂದರೆ, ನಿದ್ದೆಗಣ್ಣಿನಲ್ಲಿ ಬಾತ್‌ರೂಮಿಗೆ ಓಡುವಾಗಲೂ ಹೊಸ್ತಿಲಿಗೆ ಕೈ ಊರುತ್ತಿದ್ದ.

ಆ ವರ್ಷ ಅವನು ಕುವೈತಿನಲ್ಲೇ ಒಂದು ಖಾಸಗಿ ವಿಶ್ವವಿದ್ಯಾಲಯಕ್ಕೆ ಸೇರಿದ್ದ. ಉದ್ದ ದೇಹ, ಸಣ್ಣ ಸ್ವರ, ಯಾರ ಮುಖವನ್ನೂ ನೋಡದೆ ಮಾತಾಡುವ ಹುಡುಗ. ಕ್ಲಾಸಿನಲ್ಲಿ ಅವನ ಹೆಸರೇ ಯಾರಿಗೂ ಗೊತ್ತಿರಲಿಲ್ಲ. ಅಲ್ಲಿನ ವ್ಯಾಯಾಮದ ಮೇಷ್ಟ್ರು ಉಸ್ತಾದ್ ಸಾಮಿ ಈಜಿಪ್ಟಿನವರು, ದೊಡ್ಡ ಹೊಟ್ಟೆ, ಅದಕ್ಕಿಂತ ದೊಡ್ಡ ನಗು. ಅವರು ಎಲ್ಲೋ ಹೊರದೇಶದಲ್ಲಿ ಓದುವಾಗ ಬೇಸ್‌ಬಾಲ್ ಹುಚ್ಚು ಹಿಡಿಸಿಕೊಂಡು ಬಂದಿದ್ದರು. ಕಾರಿಡಾರಿನಲ್ಲಿ ಹುಡುಗರ ಭುಜ ನೋಡಿ ನೋಡಿ ಹಿಡಿಯುತ್ತಿದ್ದರಂತೆ. ಹಾಗೆ ಮೆಲ್ವಿನ್ ಸಿಕ್ಕಿಬಿದ್ದ. ಕುವೈತಿ ಹುಡುಗ ಬದರ್ ಸಿಕ್ಕಿದ. ಲೆಬನಾನಿನವರು, ಈಜಿಪ್ಟಿನವರು, ಕ್ರಿಕೆಟ್ ಆಡಿ ಬೆಳೆದ ಒಬ್ಬ ಪಾಕಿಸ್ತಾನಿ, ಒಬ್ಬ ಶ್ರೀಲಂಕಾದವನು, ಹೇಗೋ ಒಂದು ತಂಡ ಆಯಿತು. ಆ ವಿಶ್ವವಿದ್ಯಾಲಯದ ಮೊದಲ ಬೇಸ್‌ಬಾಲ್ ತಂಡ.

ಆದರೆ ಕ್ರೀಡಾ ವಿಭಾಗದ ದೊಡ್ಡವರಿಗೆ ಇದು ಬೇಡವಾಗಿತ್ತು. ಸಬ್ಹಾನಿನಲ್ಲಿ ಗೋದಾಮುಗಳ ನಡುವೆ ವಿಶ್ವವಿದ್ಯಾಲಯಕ್ಕೊಂದು ಮಣ್ಣಿನ ಮೈದಾನವಿತ್ತು. ಫುಟ್‌ಬಾಲಿನವರು ಅದರ ಮೇಲೆ ಕಣ್ಣಿಟ್ಟಿದ್ದರು. ಕೊನೆಗೆ ತೀರ್ಮಾನವಾದದ್ದು ಹೀಗೆ: ಈ ಚಳಿಗಾಲ ಮುಗಿಯುವುದರೊಳಗೆ ಒಂದು ಪಂದ್ಯವಾದರೂ ಗೆದ್ದರೆ ಮೈದಾನವೂ ನಿಮ್ಮದು, ತಂಡವೂ ಉಳಿಯುತ್ತದೆ. ಇಲ್ಲದಿದ್ದರೆ ಖಲಾಸ್.

ಮೆಲ್ವಿನ್ ಆ ರಾತ್ರಿ ಚರ್ಮದ ಗ್ಲೌಸನ್ನು ದಿಂಬಿನ ಪಕ್ಕ ಇಟ್ಟುಕೊಂಡು ಮಲಗಿದ. “ಲವೀನಾ, ಅವರು ನನ್ನನ್ನು ಹೆಸರು ಹಿಡಿದು ಕರೀತಾರೆ” ಎಂದ. ಅಷ್ಟೇ ಹೇಳಿದ್ದು. ಅವನಿಗೆ ಅದು ಎಷ್ಟು ಬೇಕಾಗಿತ್ತೆಂದು ನನಗೆ ಆ ವಯಸ್ಸಿನಲ್ಲೂ ಅರ್ಥವಾಯಿತು.

ಮೊದಲ ಪಂದ್ಯ ಒಂದು ಶುಕ್ರವಾರ, ಕುವೈತಿನಲ್ಲಿ ಅದೇ ವಾರದ ರಜೆ. ನಮ್ಮದು ಇಗರ್ಜಿಯ ಪೂಜೆಯಾಗಿ, ಹಮೀದಾಕರದ್ದು ಜುಮಾ ನಮಾಜು ಆಗಿ, ಎಲ್ಲರೂ ಅವರ ಡೆಲಿವರಿ ವ್ಯಾನು ಹತ್ತಿದೆವು. ಈರುಳ್ಳಿ ಮೂಟೆಯ ವಾಸನೆ, ಮಮ್ಮಿ ಕಟ್ಟಿಕೊಟ್ಟ ಗೋಳಿಬಜೆಯ ವಾಸನೆ, ಹಮೀದಾಕರ ಅತ್ತರಿನ ವಾಸನೆ, ಎಲ್ಲ ಸೇರಿ ವ್ಯಾನಿನೊಳಗೆ ಮದುವೆ ಮನೆಯ ಗಮ್ಮತ್ತು. ಹಮೀದಾಕರ ಕೈಯಲ್ಲಿ ಸುಲೈಮಾನಿ ಚಹಾ ತುಂಬಿದ ಕೆಂಪು ಫ್ಲಾಸ್ಕ್. ಮೈದಾನದಲ್ಲಿ ಇಳಿದರೆ ಪಕ್ಕದ ಫ್ಯಾಕ್ಟರಿಯಿಂದ ಬಿಸ್ಕತ್ತು ಬೇಯುವ ಪರಿಮಳ! ಹಸಿದ ಮಕ್ಕಳಿಗೆ ಅದಕ್ಕಿಂತ ದೊಡ್ಡ ಹಿಂಸೆ ಬೇರೆ ಇಲ್ಲ.

ಎದುರಾಳಿಗಳು ಜಪಾನಿನ ಇಂಜಿನಿಯರುಗಳು. ಮೆಲ್ವಿನ್ ಮೊದಲ ಚೆಂಡನ್ನು ಮೆಲ್ಲಗೆ ಸವರಿ ಹಿಂದಕ್ಕೆ ಕಳಿಸಿದ. ಹಮೀದಾಕ “ಎಂತ ಗ್ಲಾನ್ಸ್!” ಎಂದು ಎದ್ದು ಚಪ್ಪಾಳೆ ತಟ್ಟಿದರು. ಅದು ಫೌಲ್. ಹಿಂದೆ ಹೊಡೆದರೆ ಲೆಕ್ಕಕ್ಕಿಲ್ಲವಂತೆ. “ಇದೆಂತ ಆಟ ಮಾರಾಯ್ರೇ, ಅರ್ಧ ಮೈದಾನ ವೇಸ್ಟ್” ಎಂದು ಕೂತರು.

ಮುಂದಿನ ಚೆಂಡು ನೆಲ ಹಿಡಿದು ಬಲಕ್ಕೆ ಹೋಯಿತು. ಮೆಲ್ವಿನ್ ಓಡಿದ. ಬ್ಯಾಟು ಕೈಯಲ್ಲೇ ಇತ್ತು. ಮೊದಲ ಬೇಸು, ಅಂದರೆ ನೆಲದಲ್ಲಿ ಇಟ್ಟ ಆ ಬಿಳಿ ದಿಂಬು, ಹತ್ತಿರ ಬರುತ್ತಿದ್ದ ಹಾಗೆ ಅವನು ಬಗ್ಗಿದ, ಕೈ ಚಾಚಿದ, ಹಮೀದಾಕ ಕಲಿಸಿದ ಹಾಗೆ ಚಂದಕ್ಕೆ ಬ್ಯಾಟಿನ ತುದಿಯನ್ನು ದಿಂಬಿನ ಮೇಲೆ ಊರಿದ. ಊರಿ, ತಲೆ ಎತ್ತಿ, ನಮ್ಮ ಕಡೆ ನೋಡಿ ನಕ್ಕ. ಅಷ್ಟರಲ್ಲಿ ಚೆಂಡು ಬಂತು. ಫಿಲಿಪ್ಪೀನಿನ ಅಂಪೈರ್ ಮುಷ್ಟಿ ಎತ್ತಿದ. ಔಟ್!

ಹಮೀದಾಕ ಮೈದಾನಕ್ಕೇ ನುಗ್ಗಿದರು. “ಬ್ಯಾಟ್ ಒಳಗೆ ಇತ್ತು! ನಾನು ಕಣ್ಣಾರೆ ನೋಡಿದ್ದೇನೆ! ಅಂಪೈರ್ ಭಾಯಿ, ಎಂತ ಅನ್ಯಾಯ ಇದು!” ಕನ್ನಡ, ಹಿಂದಿ, ಅರಬಿ ಮೂರೂ ಒಟ್ಟಿಗೆ ಬಂದವು.

ಉಸ್ತಾದ್ ಸಾಮಿ ಅವರ ಹೆಗಲಿಗೆ ಕೈ ಹಾಕಿ, ತಮಗೆ ಬರುವ ಹರಕು ಹಿಂದಿಯಲ್ಲಿ ಹೇಳಿದರು, “ಕಾಲು, ಹಬೀಬಿ, ಕಾಲು. ಇಲ್ಲಿ ಕಾಲು ಮುಟ್ಟಬೇಕು. ಬ್ಯಾಟು ಹೊಡೆಯುವ ತನಕ ಮಾತ್ರ. ಆಮೇಲೆ ಬಿಸಾಡಬೇಕು.”

ಬ್ಯಾಟನ್ನು ಬಿಸಾಡುವುದು! ಹಮೀದಾಕರ ಮುಖ ನೋಡಬೇಕಿತ್ತು. ಅನ್ನದ ತಟ್ಟೆಗೆ ಒದೆಯಲು ಹೇಳಿದ ಹಾಗಿತ್ತು. ಆ ದಿನ ಪಾಕಿಸ್ತಾನಿ ಹುಡುಗನೂ ಶ್ರೀಲಂಕಾದವನೂ ಅದೇ ರೀತಿ ಬ್ಯಾಟು ಊರಿ ಔಟಾದರು. ಕ್ರಿಕೆಟ್ ಅಂದರೆ ಏನೆಂದೇ ಗೊತ್ತಿಲ್ಲದ ಬದರ್ ಮತ್ತಿತರರು ತಲೆ ಚಚ್ಚಿಕೊಂಡರು. ತಂಡ ಹೀನಾಯವಾಗಿ ಸೋತಿತು.

ವಾಪಸು ಬರುವಾಗ ವ್ಯಾನಿನಲ್ಲಿ ಗೋಳಿಬಜೆ ಯಾರೂ ಮುಟ್ಟಲಿಲ್ಲ. ಸಿಗ್ನಲ್ಲಿನಲ್ಲಿ ನಿಂತಾಗ ಹಮೀದಾಕ ಹೇಳಿದರು, “ನಾನೇ ಕಲ್ಸಿದ್ದು. ನಾನೇ ಬಿಡಿಸ್ತೇನೆ. ನೀನು ಹೆದರ್ಬೇಡ ಮೆಲ್ವಿನ್.”

ಅಲ್ಲಿಂದ ಶುರುವಾಯಿತು ನಮ್ಮ ಕಟ್ಟಡದ ಹಬ್ಬ! ಸಂಜೆ ಶಾಲೆಯಿಂದ ಬಂದು ಹೋಮ್‌ವರ್ಕ್ ಬಿಸಾಡಿ ಕೆಳಗೆ ಓಡುವುದು. ಮೆಲ್ವಿನ್ ಹೊಡೆದು ಓಡಬೇಕು, ಸುತ್ತ ನಿಂತ ನಾವು ಗಂಟಲು ಹರಿಯುವ ಹಾಗೆ “ಬ್ಯಾಟ್ ಬಿಡು!” ಎಂದು ಕೂಗಬೇಕು. ಬಾಲ್ಕನಿಗಳಿಂದ ಮಲಯಾಳಿ ಆಂಟಿಯರೂ ಕೂಗತೊಡಗಿದರು. ಅವನ ಕೈ ಮಾತ್ರ ಬಿಡುತ್ತಿರಲಿಲ್ಲ. ಬೆರಳುಗಳಿಗೆ ಅವುಗಳದ್ದೇ ಹಟ.

ಒಂದು ದಿನ ಹಮೀದಾಕ ಉಪಾಯ ಹೂಡಿದರು. ಮಮ್ಮಿ ಊರಿನಿಂದ ತಂದಿಟ್ಟ ತೆಂಗಿನೆಣ್ಣೆಯ ಬಾಟಲಿಯನ್ನು ನನ್ನಿಂದ ತರಿಸಿಕೊಂಡು ಬ್ಯಾಟಿನ ಹಿಡಿಗೆ ಚೆನ್ನಾಗಿ ಸವರಿದರು. “ಈಗ ಹೇಗೆ ಹಿಡ್ಕೊಳ್ತಿ ನೋಡುವಾ!” ಮೆಲ್ವಿನ್ ಬೀಸಿದ. ಓಡುವ ತನಕ ಯಾರು ಕಾದರು? ಬ್ಯಾಟು ಬೀಸುವಾಗಲೇ ಹಾರಿ, ಗೋಡೆ ದಾಟಿ, ಪಕ್ಕದ ಲಾಂಡ್ರಿಯವರು ಒಣಗಲು ಹಾಕಿದ್ದ ಬಿಳಿ ದಿಶ್‌ದಾಶಾಗಳ ಮಧ್ಯೆ ಬಿತ್ತು. ಅರಬರ ಅಷ್ಟು ನಿಲುವಂಗಿಗಳಿಗೆ ತೆಂಗಿನೆಣ್ಣೆಯ ಅಭ್ಯಂಜನ!

ನಾವು ಹೊಟ್ಟೆ ಹುಣ್ಣಾಗುವ ಹಾಗೆ ನಕ್ಕೆವು. ಮಮ್ಮಿ ಮೂರನೇ ಮಾಳಿಗೆಯಿಂದ ಬಗ್ಗಿ, “ಹಮೀದಾಕ! ಅದು ತಲೆಗೆ ಹಾಕ್ಲಿಕ್ಕೆ ತಂದದ್ದು, ಬ್ಯಾಟಿಗಲ್ಲ!” ಎಂದು ಕಿರುಚಿದರು. ಹಮೀದಾಕ ಲಾಂಡ್ರಿಯವನ ಕೈಕಾಲು ಹಿಡಿದು, ಬಟ್ಟೆಗಳನ್ನೆಲ್ಲ ತಾವೇ ಮತ್ತೆ ಒಗೆದುಕೊಟ್ಟರು.

ಶುಕ್ರವಾರಗಳು ಬಂದವು, ಸೋಲುಗಳೂ ಬಂದವು. ಆದರೆ ಒಂದು ವಿಚಿತ್ರ ನಡೆಯುತ್ತಿತ್ತು. ನಾವು ಕೂಗುವುದನ್ನು ಕೇಳಿ ಕೇಳಿ ತಂಡದವರ ಬಾಯಿಗೂ ಆ ಮಾತು ಬಂತು. ಉಸ್ತಾದ್ ಸಾಮಿ ಹಮೀದಾಕರಿಂದ ಅರ್ಥ ಕೇಳಿಕೊಂಡು, “ಶಾಬಾಷ್! ನನ್ನ ಕ್ರಿಕೆಟಿನವರಿಗೆಲ್ಲ ಇದೇ ಔಷಧಿ” ಎಂದರು. ಆಮೇಲೆ ಯಾರು ಹೊಡೆದರೂ, ಯಾವ ದೇಶದವನಾದರೂ, ಇಡೀ ತಂಡ ಒಂದೇ ಸ್ವರದಲ್ಲಿ “ಬ್ಯಾಟ್ ಬಿಡು!” ಕನ್ನಡದ ಕ ಗೊತ್ತಿಲ್ಲದ ಲೆಬನಾನಿನ ಹುಡುಗರ ಬಾಯಲ್ಲಿ ಅದು ಕೇಳಲು ಎಷ್ಟು ಚಂದ! ನಾನು ಜಂಬದಿಂದ ಉಬ್ಬಿಹೋಗಿದ್ದೆ.

ಫೆಬ್ರವರಿಯ ಕೊನೆಯ ಶುಕ್ರವಾರ, ಕೊನೆಯ ಪಂದ್ಯ. ಎದುರಾಳಿಗಳು ಅಮೆರಿಕನ್ ಶಾಲೆಯೊಂದರ ದೊಡ್ಡ ಹುಡುಗರು. ಹೇಗೋ ಏನೋ, ಕೊನೆಯ ಸರದಿ ಬರುವಾಗ ಆಟ ಸಮ. ಸೂರ್ಯ ಗೋದಾಮಿನ ಹಿಂದೆ ಇಳಿದಾಗಿತ್ತು. ಮೈದಾನಕ್ಕೆ ದೀಪಗಳಿರಲಿಲ್ಲ. ಇನ್ನೊಬ್ಬ ಔಟಾದರೆ ಆಟ ಅಲ್ಲಿಗೇ ಮುಗಿಯಿತು ಎಂದು ಅಂಪೈರ್ ಹೇಳಿಬಿಟ್ಟ. ಗೆಲ್ಲದಿದ್ದರೆ ಖಲಾಸ್. ಕ್ರೀಡಾ ವಿಭಾಗದ ದೊಡ್ಡವರು ಕಾರಿನ ಬಾಗಿಲು ತೆರೆದಿಟ್ಟೇ ನಿಂತಿದ್ದರು.

ಬದರ್ ಮೂರನೇ ಬೇಸಿನಲ್ಲಿದ್ದ. ಬ್ಯಾಟಿಗೆ ಬಂದವನು ಮೆಲ್ವಿನ್. ಅವನು ಹೊಡೆದು, ಚೆಂಡು ಬರುವ ಮೊದಲು ಮೊದಲ ಬೇಸನ್ನು ಕಾಲಿನಿಂದ ಮುಟ್ಟಿದರೆ ಬದರ್ ‘ಮನೆ’, ಅಂದರೆ ಬ್ಯಾಟು ಬೀಸುವ ಜಾಗ, ಸೇರಿದ್ದು ಲೆಕ್ಕಕ್ಕೆ ಬರುತ್ತದೆ, ಗೆಲುವು. ಹಮೀದಾಕ ಕಣ್ಣು ಮುಚ್ಚಿ ಏನೋ ಪ್ರಾರ್ಥನೆ ಹೇಳುತ್ತಿದ್ದರು. ನಾನು ಕುತ್ತಿಗೆಯ ಶಿಲುಬೆ ಕಚ್ಚಿ ಹಿಡಿದಿದ್ದೆ.

ಟಕ್! ಸಪ್ಪೆ ಹೊಡೆತ. ಚೆಂಡು ತೆವಳಿಕೊಂಡು ಹೋಯಿತು. ಮೆಲ್ವಿನ್ ಓಡಿದ. ಅಯ್ಯೋ ದೇವರೇ, ಬ್ಯಾಟು ಕೈಯಲ್ಲೇ ಇತ್ತು! ನಾವೆಲ್ಲ ಎದ್ದುಬಿಟ್ಟೆವು. “ಬ್ಯಾಟ್ ಬಿಡು! ಬ್ಯಾಟ್ ಬಿಡು!” ತಂಡ ಕೂಗಿತು, ಉಸ್ತಾದ್ ಕೂಗಿದರು. ಮನೆಯ ಕಡೆ ಓಡುತ್ತಿದ್ದ ಬದರ್, ಆ ಕುವೈತಿ ಹುಡುಗ, ಓಡುತ್ತಲೇ ಮೆಲ್ವಿನ್ ಕಡೆ ತಿರುಗಿ ಕನ್ನಡದಲ್ಲಿ ಕೂಗಿದ.

ಮೆಲ್ವಿನ್ ಬ್ಯಾಟು ಎಸೆದ. ಕೈ ಬೀಸಿಕೊಂಡು, ಎರಡು ಹೆಜ್ಜೆಯನ್ನು ಒಂದೇ ಮಾಡಿ ಹಾರಿ, ಬಿಳಿ ದಿಂಬಿನ ಮೇಲೆ ಕಾಲಿಟ್ಟ. ಧೂಳು. ಚೆಂಡು ಗ್ಲೌಸಿಗೆ ಬಿದ್ದ ಸದ್ದು. ಅಂಪೈರ್ ಎರಡೂ ಕೈಗಳನ್ನು ಅಗಲಿಸಿದ.

ಸೇಫ್!

ಆಮೇಲೆ ಏನಾಯಿತೋ ನನಗೆ ಸರಿಯಾಗಿ ನೆನಪಿಲ್ಲ. ಫ್ಲಾಸ್ಕ್ ಉರುಳಿ ಸುಲೈಮಾನಿಯೆಲ್ಲ ನನ್ನ ಫ್ರಾಕಿನ ಮೇಲೆ ಚೆಲ್ಲಿತ್ತು. ಹಮೀದಾಕ ಅಳುತ್ತಿದ್ದರು, ಉಸ್ತಾದ್ ಸಾಮಿ ಅವರನ್ನು ಎತ್ತಲು ಹೋಗಿ ಇಬ್ಬರೂ ಬಿದ್ದರು. ಹುಡುಗರು ನನ್ನ ಅಣ್ಣನನ್ನು ಹೆಗಲ ಮೇಲೆ ಹೊತ್ತು “ಮೆಲ್ವಿನ್! ಮೆಲ್ವಿನ್!” ಎನ್ನುತ್ತಿದ್ದರು. ಇಡೀ ಸಬ್ಹಾನಿಗೆ ಅವನ ಹೆಸರು ಕೇಳಿಸಿರಬೇಕು.

ಈಗ ಆ ಕಟ್ಟಡ ಇಲ್ಲ. ಮೆಲ್ವಿನ್ ಮಸ್ಕತ್ತಿನಲ್ಲಿದ್ದಾನೆ, ಮಾತು ಈಗಲೂ ಕಡಿಮೆ. ಹಮೀದಾಕ ಅಂಗಡಿ ಬಿಟ್ಟುಕೊಟ್ಟು ಊರಿಗೆ ಹೋದರು. ಹೋದ ವರ್ಷ ಅಲ್ಲೇ ತೀರಿಕೊಂಡರು. ನಾನು ಮಾತ್ರ ಇಲ್ಲೇ, ಕುವೈತಿನಲ್ಲೇ ಉಳಿದೆ, ಜಹ್ರಾದ ಒಂದು ಕ್ಲಿನಿಕ್ಕಿನ ಲ್ಯಾಬಿನಲ್ಲಿ.

ಈ ಚಳಿಗಾಲ ಆ ಮೈದಾನಕ್ಕೆ ಹೋಗಿದ್ದೆ. ಹಸಿರು ಹಾಸು, ಎತ್ತರದ ದೀಪಗಳು, ಕೂರಲು ಸಾಲು ಸಾಲು ಕುರ್ಚಿಗಳು. ಗೋಡೆಯ ಮೇಲೆ ‘ನಮ್ಮ ಬೇಸ್‌ಬಾಲಿನ ಇತಿಹಾಸ’ ಎಂದು ಫೋಟೋಗಳು. ಮೊದಲನೆಯದರಲ್ಲಿ ಉಸ್ತಾದ್ ಸಾಮಿ, ಅವರ ಹಿಂದೆ ನನ್ನ ಅಣ್ಣನ ಅರ್ಧ ಮುಖ. ಫೋಟೋದ ಅಂಚಿನಲ್ಲಿ ಯಾರದೋ ಕೈ, ಕೈಯಲ್ಲಿ ಕೆಂಪು ಫ್ಲಾಸ್ಕ್. ಕೈಯ ಯಜಮಾನರನ್ನು ಚೌಕಟ್ಟು ಕತ್ತರಿಸಿಬಿಟ್ಟಿದೆ.

ಆಟ ಶುರುವಾಯಿತು. ಒಬ್ಬ ಹುಡುಗ ಚೆಂಡು ಹೊಡೆದ. ಕೂಡಲೇ ತಂಡದ ಹುಡುಗರೆಲ್ಲ ಎದ್ದು ಒಂದೇ ಸ್ವರದಲ್ಲಿ ಕೂಗಿದರು, “ಬ್ಯಾಟ್ ಬಿಡು!”

ಬೇಲಿಯ ಹತ್ತಿರ ಹೋಗಿ ಒಬ್ಬ ಆಟಗಾರನನ್ನು ಕೇಳಿದೆ, ಅದೇನು ನೀವು ಕೂಗುವುದು ಎಂದು. “ನಮ್ಮ ತಂಡದ ಹಳೇ ಮಾತು ಆಂಟಿ. ಅರ್ಥ ಯಾರಿಗೂ ಗೊತ್ತಿಲ್ಲ” ಎಂದು ಇಂಗ್ಲಿಷಿನಲ್ಲಿ ಹೇಳಿದ. ಅದು ಕನ್ನಡ ಎಂದೆ, ಅರ್ಥವನ್ನೂ ಹೇಳಿದೆ. ಅವನಿಗೆ ಖುಷಿಯಾಯಿತು. “ಇಲ್ಲಿ ಯಾರು ಮಾತಾಡ್ತಾರೆ ಅದನ್ನು?” ಎಂದು ಕೇಳಿದ.

ನಾನು ತಿರುಗಿ ಕುರ್ಚಿಗಳ ಸಾಲುಗಳಲ್ಲಿ ನಮ್ಮೂರಿನ ಮುಖ ಹುಡುಕಿದೆ. ಅಷ್ಟರಲ್ಲಿ ಮುಂದಿನವನು ಹೊಡೆದಿದ್ದ. ನಾನೂ ಗಂಟಲು ಹರಿಯುವ ಹಾಗೆ ಕೂಗಿದೆ. ಕನ್ನಡ ಬಲ್ಲವಳಾಗಿ ಕೂಗಿದ್ದು ಅಲ್ಲಿ ನಾನೊಬ್ಬಳೇ.